ಪಡುಗಡಲ ತಡಿಯ ಕಾವಲು ನಾಯಿಗಳು

ಭಟ್ಕಳದಿಂದ ಕುಮಟೆಗೆ ಹೆದ್ದಾರಿ ಹಿಡಿದು ಹೋಗುವವರು ಎಡಕ್ಕೆ ಕಡಲನ್ನೂ ಬಲಕ್ಕೆ ಘಟ್ಟವನ್ನೂ ನೋಡುತ್ತ ಒಂದೆರಡು ತಾಸಿನಲ್ಲಿ ಊರು ಮುಟ್ಟುತ್ತಾರೆ. ನವರಾತ್ರಿ ಕಳೆದ ಬಳಿಕ ಹೊರಟ ನಾವು ಅದೇ ದಾರಿಗೆ ಮೂರು ದಿನ ತೆಗೆದುಕೊಂಡೆವು. ಗುಡಿ ಕೋಟೆಗಳನ್ನು ನೋಡಬೇಕೆಂಬ ಸಂಕಲ್ಪದಿಂದ ಹೊರಟ ನಮ್ಮ ಗಮನವನ್ನು ನಾಯಿಗಳು ಸೆಳೆದುಕೊಂಡುವೆಂದರೆ ವಾಚಕರು ನಗಬಹುದು. ಆದರೆ ಮನೆಯಲ್ಲಿ ನಾಯಿಯನ್ನು ಸಾಕಿದವರೂ, ಸಾಕಬೇಕೆಂದು ಮಕ್ಕಳ ಕಾಟಕ್ಕೆ ಒಳಗಾದವರೂ ಇದನ್ನು ಮುಂದಕ್ಕೆ ಓದುವರೆಂದು ನಂಬಿದ್ದೇವೆ.

ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಾಲಯದ ರಾಮಾಯಣ ಶಿಲ್ಪಗಳನ್ನು ನೋಡಿಕೊಂಡು ಪೇಟೆಗೆ ಬಂದಾಗ, ಪರಿಚಯದ ನವಾಯತ ವರ್ತಕರೊಬ್ಬರು ಚಹಕ್ಕೆ ಕರೆದರು. ಬೀದಿಯ ನಾಯಿಗಳ ಉಪದ್ರವದಿಂದ ಆರಂಭವಾದ ಮಾತು ಶಾಸ್ತ್ರದ ಕಡೆಗೆ ಹೊರಳಿತು. ಪ್ರವಾದಿಗಳ ವಚನಗಳ ಪ್ರಕಾರ ಬೇಟೆ, ಹಿಂಡು, ಹೊಲ ಇವುಗಳಿಗಾಗಿ ನಾಯಿಯನ್ನು ಇಟ್ಟುಕೊಳ್ಳಲು ಅನುಮತಿಯುಂಟೆಂದೂ, ಬರಿಯ ಶೋಕಿಗೆ ಇಟ್ಟುಕೊಂಡವನ ಪುಣ್ಯವು ದಿನವೂ ಅಷ್ಟಷ್ಟು ಕರಗುವುದೆಂದೂ ಅವರು ತಿಳಿಸಿದರು. “ನಿಮ್ಮ ಮಡಿವಂತರ ಮನೆಗಳಲ್ಲಿಯೂ ನಾಯಿಯ ಗಡಿ ಹೊಸ್ತಿಲೇ ಅಲ್ಲವೆ?” ಎಂದು ನಗುತ್ತ ಕೇಳಿದರು. ಹೌದೆನ್ನದೆ ಗತಿಯಿರಲಿಲ್ಲ. ಹೊಸ್ತಿಲಿನ ಹೊರಗೆ ನಾಯಿಗೆ ದೊರಕುವ ಸ್ಥಾನವು ಅದರ ಕೆಲಸದಿಂದ ಬರತಕ್ಕದ್ದೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಆದರೆ ಆ ಕೆಲಸವೆಂಬುದು ಯಾವುದು? ಬೊಗಳುವುದನ್ನು ಎಲ್ಲ ನಾಯಿಗಳೂ ಬಲ್ಲವು.

ಇದಕ್ಕೆ ಉತ್ತರವು ಹೊನ್ನಾವರ ತಾಲೂಕಿನಲ್ಲಿ ಸಿಕ್ಕಿತು. ಹೊನ್ನಾವರದಿಂದ ಶರಾವತಿಯ ದಂಡೆಗುಂಟ ಗೇರುಸೊಪ್ಪೆಯ ಕಡೆಗೆ ಸಾಗಿ, ಬೆಟ್ಟದ ಬುಡದ ಒಂದು ಅಡಕೆ ತೋಟದ ಮನೆಯಲ್ಲಿ ರಾತ್ರಿ ತಂಗಿದೆವು. ಜಗುಲಿಯ ಕೆಳಗೆ ಮಲಗಿದ್ದ ಕಂದು ಬಣ್ಣದ ನಾಯಿಯು ನಮ್ಮನ್ನು ಒಮ್ಮೆ ಮೂಸಿ ಸುಮ್ಮನಾಯಿತು. ಆ ಕಡೆ ನಾಯಿಗೆ ‘ಕುನ್ನಿ’ ಎನ್ನುತ್ತಾರೆ. ನೋಡಿದರೆ ಬಡಕಲು ಶರೀರ, ಹರಿದ ಕಿವಿ. ಇಂಥ ಜಾತಿಯದೆಂದು ಹೇಳುವಂತಿಲ್ಲ. ನಡುರಾತ್ರಿ ಅದು ತೋಟದ ಅಂಚಿನಿಂದ ಬಿಟ್ಟೂ ಬಿಡದೆ ಕೂಗತೊಡಗಿತು. ನಮಗೆ ಎಚ್ಚರವಾಗುವಷ್ಟರಲ್ಲಿ ಯಜಮಾನರು ಬ್ಯಾಟರಿ ಹಿಡಿದು ಅಂಗಳ ದಾಟಿದ್ದರು. ಬಾಳೆಯ ಬುಡ ಅಗೆಯಲು ಬಂದ ಕಾಡುಹಂದಿಗಳು ಬೆಳಕು ಕಂಡು ಹಳ್ಳಕ್ಕೆ ಇಳಿದುವು.

ಮರಳಿ ಬಂದು ಕಾಲು ತೊಳೆಯುತ್ತ ಅವರು ಹೇಳಿದರು: “ಮನುಷ್ಯರು ಬಂದರೆ ಒಂದು ಕೂಗು, ಹಂದಿಗೆ ಬೇರೊಂದು. ಅದು ಕೂಗಿದಾಗ ನಾವು ಏಳಬೇಕು, ನೋಡಿ. ನಾಲ್ಕು ಸಲ ಏಳದಿದ್ದರೆ ಅದೂ ಮಲಗಿಬಿಡುತ್ತದೆ, ಇಲ್ಲದಿದ್ದರೆ ಎಲೆ ಬಿದ್ದರೂ ಕೂಗುವುದನ್ನು ಕಲಿಯುತ್ತದೆ.” ಮರಿಯಾಗಿದ್ದಾಗ ಅದನ್ನು ಹಳೆಯ ನಾಯಿಯ ಜೊತೆಯಲ್ಲಿ ಬಿಟ್ಟಿದ್ದರಂತೆ. ಕರುವನ್ನು ಬೆದರಿಸಬಾರದು, ಕೋಳಿಯನ್ನು ಮುಟ್ಟಬಾರದು, ತೋಟದ ಬೇಲಿಯಾಚೆ ಹಂದಿಯ ಬೆನ್ನು ಹತ್ತಬಾರದು ಎಂಬುದನ್ನೆಲ್ಲ ಬಹುಮಟ್ಟಿಗೆ ಅದೇ ಕಲಿಸಿತಂತೆ.

ನಾಯಿಯ ಮಾತಿಗೆ ಮನೆಯವರು ಎದ್ದು ಬರುವುದು ನಮ್ಮ ನಾಡಿಗೆ ಹೊಸದೇನಲ್ಲ. ಮದ್ದೂರಿನ ಕಡೆಯ ಆತಕೂರಿನ ವೀರಗಲ್ಲಿನ ಕಥೆಯನ್ನು ಕೇಳಿದವರಿಗೆ ಇದು ತಿಳಿದದ್ದೇ. ಸುಮಾರು ಕ್ರಿ. ಶ. 949ರಲ್ಲಿ ಗಂಗರ ಬೂತುಗನು ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಮನುಷ್ಯರಿಗೆ ನಿಲ್ಲಿಸುವಂತೆಯೇ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು.

ಆದರೆ ಮನೆಯ ಅಮ್ಮನವರಿಗೆ ಈ ಕೀರ್ತಿಯು ರುಚಿಸಲಿಲ್ಲ. ಹಿಂದಿನ ನಾಯಿಯನ್ನು ಚಿರತೆಯು ಅಂಗಳದಿಂದಲೇ ಹೊತ್ತೊಯ್ದಿತ್ತು. “ಆ ರಾತ್ರಿ ಕೂಗೇ ಇರಲಿಲ್ಲ, ಬೆಳಿಗ್ಗೆ ಅನ್ನ ಹಾಕಹೋದಾಗ ತಿಳಿಯಿತು. ಇದನ್ನು ಕತ್ತಲಾದ ಮೇಲೆ ಕೊಟ್ಟಿಗೆಯೊಳಗೆ ಕೂಡಿ ಎಂದರೆ ಇವರು ಕೇಳುವುದಿಲ್ಲ” ಎಂದರು. ಕೂಡಿದರೆ ಹಂದಿಗೆ ತೋಟ, ಬಿಟ್ಟರೆ ಚಿರತೆಗೆ ನಾಯಿ! ನೆರೆಮನೆಯವರು ಸೌರ ವಿದ್ಯುತ್ತಿನ ಬೇಲಿ ಹಾಕಿಸಿ ನಾಯಿಯನ್ನು ಒಳಗೆ ಕಟ್ಟಿದ್ದಾರೆ. ಈಗ ಅದು ಹಗಲೆಲ್ಲ ನಿದ್ದೆ ಹೋಗುತ್ತದೆ. ಹಿಮಾಲಯದ ಕುರಿಗಾರರು ಚಿರತೆಯ ಹಲ್ಲಿನಿಂದ ಕಾಪಾಡಲು ತಮ್ಮ ನಾಯಿಗಳ ಕೊರಳಿಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಕಟ್ಟುವರೆಂದು ನಾವು ಹೇಳಿದೆವು. ಅಮ್ಮನವರು ಅದರ ಅಗಲವೆಷ್ಟು, ಮುಳ್ಳು ಎಷ್ಟುದ್ದ ಎಂದೆಲ್ಲ ವಿಚಾರಿಸಿ, ಹೊನ್ನಾವರದ ಕಮ್ಮಾರನಿಗೆ ಹೇಳಿ ಮಾಡಿಸಬಹುದೇ ಎಂದು ಯಜಮಾನರ ಮುಖ ನೋಡಿದರು. ಕೆಲಸ ಪಡೆಯುವವರಿಗೆ ಅಷ್ಟಾದರೂ ಹೊಣೆ ಬೇಡವೆ?

ಕುಮಟೆಯ ಪೇಟೆಯಲ್ಲಿ ಕಂಡ ದೃಶ್ಯವೇ ಬೇರೆ. ಹೊಸ ಬಂಗಲೆಯೊಂದರ ಮುಂದಿನ ಪಂಜರದಲ್ಲಿ ಒಂದು ಮುಧೋಳ ನಾಯಿ ಇತ್ತು. ನೀಳ ಮೋರೆ, ಬಿಲ್ಲಿನಂಥ ಬೆನ್ನು; ಬಯಲುಸೀಮೆಯಲ್ಲಿ ಮೊಲವನ್ನು ಬೆನ್ನಟ್ಟಲೆಂದೇ ಬೆಳೆದ ತಳಿ. ಇದರ ಮರಿಗಳನ್ನು 2016ರಲ್ಲಿ ಭಾರತೀಯ ಸೇನೆಯವರು ತರಬೇತಿಗಾಗಿ ಮೀರತ್ತಿಗೆ ಕೊಂಡೊಯ್ದದ್ದುಂಟು. ಇಲ್ಲಿಯದು ರಸ್ತೆಯ ಪ್ರತಿಯೊಂದು ಮೋಟಾರು ಸೈಕಲ್ಲಿಗೂ ಬೊಗಳುತ್ತಿತ್ತು. ನಾವು ಗೇಟಿನ ಬಳಿ ಕಾಲು ಗಂಟೆ ನಿಂತರೂ ಒಳಗಿನಿಂದ ಯಾರೂ ಇಣುಕಲಿಲ್ಲ. ಮುದ್ದಿಗೆಂದು ಸಾಕಿದ ನಾಯಿಗೂ ಮಕ್ಕಳ ಸಹವಾಸವಾದರೂ ಇರುತ್ತದೆ. ಇದಕ್ಕೆ ಅದೂ ಇಲ್ಲ, ಇದೂ ಇಲ್ಲ.

ಮೂರನೆಯ ದಿನ ಅಘನಾಶಿನಿಯ ಗಜನಿ ಭೂಮಿಗೆ ಹೋದೆವು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವು ಅಲ್ಲಿ ತೆನೆಬಾಗಿ ನಿಂತಿತ್ತು. ಕಟ್ಟೆಯ ಮೇಲೆ ಹಾಲಕ್ಕಿ ಒಕ್ಕಲಿಗರ ಮುದುಕಿಯೊಬ್ಬಳು ಕುಳಿತಿದ್ದಳು; ಕೊರಳ ತುಂಬ ಕರಿಮಣಿ. ಕೆಸರುಗಾಲಿನ ಕರಿಯ ನಾಯಿಯೊಂದು ಕಟ್ಟೆಗುಂಟ ಓಡಿ ತೆನೆಗೆ ಎರಗಿದ ಹಕ್ಕಿಗಳನ್ನು ಎಬ್ಬಿಸುತ್ತಿತ್ತು. ಹಕ್ಕಿಗಳು ಹಾರಿ ಸ್ವಲ್ಪ ದೂರದ ಇನ್ನೊಂದು ಗದ್ದೆಯ ಮೇಲೆ ಇಳಿದಾಗ ಅದು ನಿಂತು, ಒಮ್ಮೆ ಆ ಕಡೆ ನೋಡಿ, ಮುದುಕಿಯ ಕಾಲಬಳಿ ಬಂದು ಕುಳಿತಿತು. “ಅದನ್ನೇಕೆ ಅಟ್ಟುವುದಿಲ್ಲ, ಅಮ್ಮ?” ಎಂದು ಕೇಳಿದೆವು.

“ಆ ಗದ್ದೆಗೆ ಬೇರೆ ಕುನ್ನಿ ಇದೆ” ಎಂದಳು.