ಮಮದಾಪುರಕ್ಕೆ ಬಂದ ಫ್ಲಾಶ್ ಗಾರ್ಡನ್

ಗೋಕಾಕದಿಂದ ಮಮದಾಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ಕಬ್ಬು, ಚೀಲದಲ್ಲಿ ಕರದಂಟು, ಜೊತೆಗೆ ಫ್ಲಾಶ್ ಗಾರ್ಡನ್ ಕಥೆಯ ಮರುಮುದ್ರಣ. ಮನುಷ್ಯ ಚಂದ್ರನ ಮೇಲೆ ಕಾಲಿಡುವ 35 ವರ್ಷ ಮೊದಲೇ, 1934ರಲ್ಲಿ, ಚಿತ್ರಕಾರ ಅಲೆಕ್ಸ್ ರೇಮಂಡ್ ಇವನನ್ನು ರಾಕೆಟ್ಟಿನಲ್ಲಿ ಮೊಂಗೋ ಗ್ರಹಕ್ಕೆ ಕಳಿಸಿದ್ದ. ನಮಗೆ ಸಿಕ್ಕಿದ್ದು ಇಂದ್ರಜಾಲ ಕಾಮಿಕ್ಸಿನಲ್ಲಿ. ಮಕ್ಕಳೇ, ಪುಸ್ತಕ ಒಂದು, ಓದುವವರು ಹತ್ತು ಮಂದಿ! ಗೆಳೆಯನ ಪುಸ್ತಕದ ಕೊನೆಯ ಹಾಳೆ ನನ್ನ ಕೈಯಲ್ಲೇ ಹರಿದಿತ್ತು. ನಾನು ಒಪ್ಪಿಕೊಳ್ಳಲಿಲ್ಲ; ಅವನು ಮಾತು ಬಿಟ್ಟ.

ಕಟ್ಟೆಯ ಮೇಲೆ ಕೂತಿದ್ದವನ ಕೈಗೆ ಪುಸ್ತಕ ಕೊಟ್ಟೆ. ಹೊಸ ಕಾಗದ ನುಣುಪು, ಬಣ್ಣ ಢಾಳು. ನನಗೇನೋ ಹಳೆಯ ಮಾಸಲೇ ಇಷ್ಟ. ಅವನು ಸೀದಾ ಕೊನೆಯ ಪುಟ ತೆರೆದ.

"ಹರದಾಂವ ನೀನ ಅಂತ ಗೊತ್ತಿತ್ತು ಬಿಡೋ," ಅಂದ.

ಮೊಮ್ಮಗಳು ಪುಸ್ತಕ ಕಸಿದುಕೊಂಡಳು.

"ಸಾವಕಾಶ ಹಾಳಿ ತಿರುವು ಯವ್ವಾ!" ಇಬ್ಬರೂ ಒಟ್ಟಿಗೇ ಕೂಗಿದೆವು.