ಟಿಪ್ಪುವಿನ ತಾಯಿಯೂ ಎದುರುಮನೆಯ ಹಬ್ಬವೂ

ಮೊನ್ನೆ ಲೋಕಲ್ ರೈಲು ಮಸ್ಜಿದ್ ಸ್ಟೇಷನ್ನಿನಲ್ಲಿ ನಿಂತಾಗ ಎದುರು ಸೀಟಿನ ಹುಡುಗ ಗೆಳೆಯನನ್ನು ಕೇಳಿದ: "ಇಲ್ಲಿ ಯಾವ ಮಸೀದಿ ಇದೆಯೋ?" ಗೆಳೆಯ ಫೋನಿನಿಂದ ತಲೆಯೆತ್ತದೆ "ಇರಬೇಕು ಯಾವುದೋ ಒಂದು" ಎಂದ. ನನ್ನ ಬಾಯಿ ತುರಿಸಿತು. ಅಷ್ಟರಲ್ಲಿ ಜನ ನುಗ್ಗಿ ನಮ್ಮ ನಡುವೆ ಗೋಡೆಯೆದ್ದಿತು. ಅವನಿಗೆ ಹೇಳಲಾಗದ್ದನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಮುಂಬಯಿಯ ಬೆನೆ ಇಸ್ರೇಲಿಗಳನ್ನು, ಅಂದರೆ ಕೊಂಕಣ ಮೂಲದ ಯೆಹೂದಿಗಳನ್ನು ಕೇಳಿದರೆ, ಆ ಹೆಸರು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್‌ನಿಂದಲೇ ಬಂತು ಎನ್ನುತ್ತಾರೆ. ಅವರ ಮನೆಮಾತು ಮರಾಠಿ. ಹಿಂದಿನವರ ಬಾಯಲ್ಲಿ ಸಿನಗಾಗೂ ಮಸೀದಿಯೇ. ಮಾಂಡವಿಯ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿ, ಕೈಗಾಡಿಗಳ ಸಂದಣಿಯ ನಡುವೆ ಅದು ಇಂದಿಗೂ ಇದೆ. 1796ರಲ್ಲಿ ಕಟ್ಟಿದ್ದು. ಮುಂಬಯಿಯ ಮೊದಲ ಸಿನಗಾಗ್, ಶಾರ್ ಹರಹಮೀಮ್. ಅಂದರೆ ಕರುಣೆಯ ಬಾಗಿಲು.

ಬ್ಯಾಂಕಿನ ಕೆಲಸ ಹಿಡಿದು ನಾನು ಬೈಕಲಾದ ಚಾಳಿಗೆ ಬಂದ ಕಾಲಕ್ಕೆ ಎದುರುಮನೆಯಲ್ಲಿ ಒಬ್ಬ ಆಜಿ ಇದ್ದರು. ಹಸಿರು ಬಳೆ, ಒಂಬತ್ತು ಗಜದ ಸೀರೆ. ಯೆಹೂದಿಗಳೆಂದು ತಿಳಿದದ್ದು ಬಾಗಿಲ ಚೌಕಟ್ಟಿನ ಮೆಝೂಝಾ, ಧರ್ಮವಾಕ್ಯವಿರುವ ಪುಟ್ಟ ಕರಡಿಗೆ, ನೋಡಿದ ಮೇಲೆಯೇ. ಊರು ಯಾವುದೆಂದು ಕೇಳಿದರು. ಶ್ರೀರಂಗಪಟ್ಟಣದ ಹತ್ತಿರ ಎಂದೆ. "ಹೌದೇನೋ ಬಾಳಾ! ನಿಮ್ಮ ಟಿಪ್ಪು ನಮ್ಮ ಸಾಮಾಜಿಯನ್ನು ಕೂಡಿಹಾಕಿದ್ದ" ಎಂದರು, ಹೋದ ವಾರದ ಸಂಗತಿಯೇನೋ ಎಂಬಂತೆ. ಟಿಪ್ಪುವಿನ ಪರವಾಗಿ ನಾನೇನು ಉತ್ತರ ಕೊಡಲಿ? ಅಷ್ಟರಲ್ಲಿ ಅವರೇ ರಾಜಿಗೆ ಬಂದರು: "ಅವನ ತಾಯಿ ಬಿಡಿಸಿದಳು, ಪುಣ್ಯಾತ್ಗಿತ್ತಿ. ಕೂತ್ಕೋ, ಹಲ್ವಾ ತಿನ್ನು."

ಅದು ಅವರ ಹೊಸವರ್ಷದ ಹಲ್ವಾ. ಗೋಧಿ ನೆನೆಸಿ ಹಾಲು ತೆಗೆದು, ತೆಂಗಿನಹಾಲು ಸುರಿದು, ಗಂಟೆಗಟ್ಟಲೆ ಮಗುಚಿ ಮಾಡುವಂಥದು. ನಮ್ಮ ಹಾಲುಬಾಯಿಯ ಶ್ರೀಮಂತ ಚಿಕ್ಕಮ್ಮನ ಹಾಗೆ. ಮುಂದಿನ ವರ್ಷಗಳಲ್ಲಿ ಸೌಟು ನನ್ನ ಕೈಗೂ ಬಂತು. ರೋಶ್ ಹಶಾನಾ ಎಂದು ಲೋಕ ಕರೆಯುವುದನ್ನು ಆಜಿ ಕೊಂಕಣದ ಹಳೆಯ ರೂಢಿಯಂತೆ ನವ್ಯಾಚಾ ಸಣ ಎನ್ನುತ್ತಿದ್ದರು. ಅಂದು ಸಿನಗಾಗ್‌ನಲ್ಲಿ ಟಗರಿನ ಕೊಂಬು ಊದುತ್ತಾರೆ. ನಮ್ಮ ಜಾತ್ರೆಯ ಕೊಂಬು ಕೇಳಿ ಬೆಳೆದ ಕಿವಿಗೆ ಅದು ಅಷ್ಟು ದೂರದ್ದೆನಿಸಲಿಲ್ಲ.

ಅವರದೂ ಅಧಿಕಮಾಸವಿರುವ ಚಾಂದ್ರಮಾನವೇ. ಹಾಗಾಗಿ ಅನೇಕ ವರ್ಷ ಅವರ ಹೊಸವರ್ಷವೂ ನಮ್ಮ ನವರಾತ್ರಿಯೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬರುತ್ತವೆ. ಅಧಿಕಮಾಸ ಹೊಂದದ ವರ್ಷ ಒಂದು ತಿಂಗಳು ಆಚೀಚೆ. 2025ರಲ್ಲಂತೂ ವಿಜಯದಶಮಿ ಮತ್ತು ಅವರ ಉಪವಾಸದ ದಿನ ಯೋಮ್ ಕಿಪ್ಪುರ್ ಎರಡೂ ಅಕ್ಟೋಬರ್ 2ಕ್ಕೇ ಬಿದ್ದವು. ನಾವು ಹೋಳಿಗೆ ತಟ್ಟುವ ದಿನ ಅವರಿಗೆ ತೊಟ್ಟು ನೀರೂ ಇಲ್ಲ, ಒಂದು ಸಂಜೆಯಿಂದ ಮರುಸಂಜೆ ನಕ್ಷತ್ರ ಕಾಣುವವರೆಗೆ. ಹಿಂದಿನ ಕಾಲದಲ್ಲಿ ಕೊಂಕಣದ ಬೆನೆ ಇಸ್ರೇಲಿಗಳು ಅಂದು ಬಿಳಿ ಬಟ್ಟೆಯುಟ್ಟು ಮನೆಯ ಬಾಗಿಲನ್ನೇ ಹಾಕಿಕೊಂಡಿರುತ್ತಿದ್ದರಂತೆ. ಬಾಗಿಲು ಮುಚ್ಚುವ ಹಬ್ಬ ಎಂದೇ ಅದಕ್ಕೆ ಹೆಸರು. ಮಾರನೆಯ ದಿನ ಶಿಳಾ ಸಣ, ತಂಗಳ ಹಬ್ಬ: ಬಡವರಿಗೆ ದಾನ, ನೆಂಟರ ಮನೆಗೆ ಓಡಾಟ.

ಆ ಉಪವಾಸದ ಮಧ್ಯಾಹ್ನ ಓದುವುದು ಯೋನನ ಕಥೆ. ಹಡಗು, ಬಿರುಗಾಳಿ, ನುಂಗುವ ಮೀನು. ಬೆನೆ ಇಸ್ರೇಲಿಗಳ ಮೂಲಕಥೆಯೂ ಒಡೆದ ಹಡಗಿನದೇ: ಅಲಿಬಾಗ್ ಬಳಿಯ ನವಗಾಂವ್ ದಡದಲ್ಲಿ ಏಳು ಗಂಡಸರು, ಏಳು ಹೆಂಗಸರು ಬದುಕುಳಿದರಂತೆ. ಎಣ್ಣೆಗಾಣ ಹಿಡಿದು, ಶನಿವಾರ ಗಾಣ ನಿಲ್ಲಿಸಿ, ಊರವರಿಂದ ಶನಿವಾರ ತೇಲಿ ಎನಿಸಿಕೊಂಡರು.

ಹುಣ್ಣಿಮೆಗೆ ಸುಕ್ಕೋತ್, ಪರ್ಣಶಾಲೆಯ ಹಬ್ಬ. ಸೋಗೆ ಹೊದಿಸಿದ ಚಪ್ಪರದಡಿ ಊಟ. ಕೈಯಲ್ಲಿ ಹಿಡಿಯುವ ಹಣ್ಣು ಮಾದಳದ್ದು, ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದೂ ಅದೇ. ನನ್ನ ಹೆಂಡತಿ ಅದನ್ನು ಕಂಡದ್ದೇ ಕೈಮುಗಿದಳು.

ಆಜಿಯ ಜೊತೆ ನಾನು ಮಾಂಡವಿಗೆ ಹೋಗುತ್ತಿದ್ದದ್ದು ಸಿಮ್ಹತ್ ತೋರಾಕ್ಕೆ, ಅವರ ಧರ್ಮಗ್ರಂಥ ತೋರಾದ ಹಬ್ಬಕ್ಕೆ. ಹಬ್ಬದ ದಿನ ವಾಹನ ಹತ್ತಬಾರದೆಂದು ಬೈಕಲಾದಿಂದ ನಡೆದೇ ಹೋಗುವುದು. ಆಜಿ ಮೇಲೆ ಹೆಂಗಸರ ಮಾಳಿಗೆಗೆ, ನಾನು ಟೋಪಿ ಹಾಕಿ ಕೆಳಗೆ ಹಿಂದಿನ ಬೆಂಚಿಗೆ. ಪೂರ್ತಿ ಪ್ರಾರ್ಥನೆಗೆ ಹತ್ತು ಮಂದಿ ಯೆಹೂದಿ ಗಂಡಸರು ಬೇಕು. 1948ರ ನಂತರ ಬಹುಪಾಲು ಮನೆಗಳು ಇಸ್ರೇಲಿಗೆ ಎದ್ದು ಹೋದ ಮೇಲೆ ಆ ಹತ್ತಕ್ಕೂ ಕಾಯಬೇಕಾದ ಸಂಜೆಗಳಿದ್ದವು. ಮುಖಂಡರು ತಲೆ ಎಣಿಸುತ್ತ ಬಂದು ನನ್ನನ್ನು ದಾಟಿಕೊಂಡು ಹೋಗುವರು. ಲೆಕ್ಕಕ್ಕೆ ಬರದ ಗಂಡಸು ಎಂಬ ಮಾತು ಮನೆಯಲ್ಲಿ ಕೇಳಿ ಅಭ್ಯಾಸವಿದ್ದುದರಿಂದ ಬೇಸರವಾಗಲಿಲ್ಲ. ಆಮೇಲೆ ತೋರಾ ಸುರುಳಿಗಳನ್ನೆತ್ತಿಕೊಂಡು ಏಳು ಸುತ್ತು ಕುಣಿತ. ತಾತಂದಿರ ಹೆಜ್ಜೆಗೂ ಬಲ ಬರುತ್ತಿತ್ತು.

ಆ ಸುರುಳಿಗಳೇ ಸಾಮಾಜಿಯ ಕಥೆಯ ಕೊನೆ. ಸಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, ರೂಢಿಯ ಹೆಸರು ಸಾಮಾಜಿ ಹಸಾಜಿ, ಕಂಪನಿಯ ಪಡೆಯಲ್ಲಿದ್ದವರು. ಎರಡನೇ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕರು. ಜಾತಿ ಯಾವುದೆಂದು ಕೇಳಿದಾಗ ಬೆನೆ ಇಸ್ರೇಲ್ ಎಂದರಂತೆ. ಅದು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರಾನಿನಲ್ಲಿ ಓದಿದ್ದ ಕುಲ, ಕಣ್ಣಾರೆ ಕಂಡಿರಲಿಲ್ಲ. ಇವರ ಜೀವ ಉಳಿಸು ಎಂದು ಮಗನಿಗೆ ಹೇಳಿದರಂತೆ. ಬಿಡುಗಡೆಯಾದರೆ ದೇವರಿಗೊಂದು ಮನೆ ಕಟ್ಟಿಸುವೆನೆಂಬ ಹರಕೆ ತೀರಿಸಲು ಸಾಮಾಜಿ ಕಟ್ಟಿಸಿದ್ದೇ ಕರುಣೆಯ ಬಾಗಿಲು. ಮಾರನೇ ವರ್ಷ, 1797ರಲ್ಲಿ, ತೋರಾ ಸುರುಳಿ ತರಲು ಕೊಚ್ಚಿಗೆ ಹೋದವರು ಅಲ್ಲಿಯೇ ತೀರಿಕೊಂಡರು.

1784ರ ಮಂಗಳೂರು ಒಪ್ಪಂದದ ನಂತರ ಸೆರೆಯಾಳುಗಳನ್ನು ಹೇಗೂ ಬಿಟ್ಟರಲ್ಲ ಎಂದು ನಾನೊಮ್ಮೆ ಪಾಂಡಿತ್ಯ ತೋರಿಸಿದೆ. "ಒಪ್ಪಂದ ಗಿಪ್ಪಂದ ನೀನಿಟ್ಕೊ. ಬಿಡಿಸಿದ್ದು ತಾಯಿ" ಎಂದರು ಆಜಿ. ನನ್ನ ಪಕ್ಷವೂ ಅದೇ. ಒಪ್ಪಂದಕ್ಕೆ ಯಾರು ಗುಡಿ ಕಟ್ಟುತ್ತಾರೆ?

ಆ ತಾಯಿಯ ಹೆಸರು ಫಾತಿಮಾ ಫಖ್ರುನ್ನಿಸಾ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಮೂರು ಸಮಾಧಿಗಳಿವೆ: ನಡುವೆ ಹೈದರ್, ಪಶ್ಚಿಮಕ್ಕೆ ಟಿಪ್ಪು, ಪೂರ್ವಕ್ಕೆ ಈಕೆ. ಮುಂದಿನ ಸಲ ಹೋದಾಗ ಪೂರ್ವದ್ದನ್ನೂ ನೋಡಿ ಬನ್ನಿ. ಗೈಡ್ ಹೇಳದಿದ್ದರೆ ಈ ಕಥೆಯನ್ನು ನೀವೇ ಅವನಿಗೆ ಹೇಳಿ.