ಬೇಳೆಯ ತಪ್ಪಲ್ಲ

ಪಿಂಚಣಿದಾರನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ಹೊತ್ತು ಹೇಗೆ ಕಳೆಯುತ್ತೀರಿ?” ಮೂವತ್ತು ವರ್ಷ ಉಷ್ಣಮಾಪಕಗಳ ನಡುವೆ ಬಾಳಿದವನಿಗೆ ಮನೆಯಲ್ಲೇನು ಕೆಲಸವಿದ್ದೀತು ಎಂದು ಅವರಿಗೆ ಕನಿಕರ. ಆದರೆ ಪರೀಕ್ಷಿಸಿ ನೋಡುವ ಅಭ್ಯಾಸ ಪ್ರಯೋಗಶಾಲೆಯ ಬೀಗದ ಕೈಯಂತೆ ಹಿಂದಿರುಗಿಸಿ ಬರುವಂಥದಲ್ಲ. ಅದಕ್ಕೆ ಅಡುಗೆಮನೆಯೂ ಸಾಕು.

ನನ್ನ ಹೆಂಡತಿ ಮಂಗಳೂರಿನವಳು. ಅವಳ ಅಕ್ಕ ಬೆಂಗಳೂರಿಗೆ ಬಂದಾಗಲೆಲ್ಲ ಪಾತ್ರೆಯಲ್ಲಿ ತೊಗರಿಬೇಳೆಯಿಟ್ಟು, ಅದು ಹೊತ್ತಿಗೆ ಸರಿಯಾಗಿ ಬೇಯದಿದ್ದರೆ, “ನಿಮ್ಮೂರಿನ ಬೇಳೆಯೇ ಸರಿ ಇಲ್ಲ ಮಾರಾಯ್ರೆ” ಎಂದು ತೀರ್ಪು ಕೊಡುತ್ತಾರೆ. ಮರುದಿನ ಅಪರಾಧ ಅಂಗಡಿಯವನದು. ಮೂರನೆಯ ದಿನ, ಅಡುಗೆ ಮರೆತ ತಂಗಿಯದು. ನಿಜವಾಗಿ ಇವರಾರೂ ತಪ್ಪಿತಸ್ಥರಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕಡಲತೀರದ ಮಂಗಳೂರಿನಲ್ಲಿ 100. ತೆರೆದ ಪಾತ್ರೆಯ ಕೆಳಗೆ ಉರಿಯನ್ನೆಷ್ಟು ಹೆಚ್ಚಿಸಿದರೂ ಕುದಿಯುವ ನೀರು ಅದಕ್ಕಿಂತ ಬಿಸಿಯಾಗದು. ಅದೇ ಬೇಳೆಯನ್ನು ಕುಕ್ಕರಿನಲ್ಲಿಟ್ಟರೆ, ಆವಿಯ ಒತ್ತಡದಿಂದ ಶಾಖ 120 ಡಿಗ್ರಿಯ ಸಮೀಪಕ್ಕೇರಿ, ಬೆಣ್ಣೆಯಂತೆ ಬೇಯುತ್ತದೆ.

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು 1976ರ ತಿದ್ದುಪಡಿ ನಮ್ಮ ಸಂವಿಧಾನದಲ್ಲಿ ಸೇರಿಸಿತು. ಭೂತ, ಗ್ರಹಣಗಳ ವಿಷಯದಲ್ಲಿ ವಾದಮಾಡಲು ಇದು ಬೇಕೆಂದು ನಾವು ತಿಳಿಯುತ್ತೇವೆ. ಒಪ್ಪಿದೆ. ಆದರೆ ಭೂತಗಳು ನಮ್ಮ ಮನೆಗೆ ದಿನವೂ ಬರುವುದಿಲ್ಲ; ಮನುಷ್ಯರು ಬರುತ್ತಾರೆ.

1921ರಲ್ಲಿ ಸಿ. ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡರು. ಅದು ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರೇಲೀ ಹೇಳಿದ್ದರು. ರಾಮನ್ ನಿಕೋಲ್ ಪ್ರಿಸಮ್ಮಿನ ಮೂಲಕ ಆ ಪ್ರತಿಬಿಂಬವನ್ನು ಮರೆಮಾಡಿ ನೋಡಿದರು. ನೀಲಿ ಹಾಗೆಯೇ ಉಳಿದಿತ್ತು. ಅಷ್ಟು ದೊಡ್ಡವರ ಮಾತನ್ನು ಪರೀಕ್ಷಿಸಲು ಅಂಗೈಯಗಲದ ಉಪಕರಣ ಸಾಕಾಯಿತು.

ನಮ್ಮ ಬಡಾವಣೆಯ ಉದ್ಯಾನದಲ್ಲಿ ಮಿತ್ರರೊಬ್ಬರು ಸಿಗುತ್ತಾರೆ. ಪರದೇಶದಲ್ಲಿರುವ ಅವರ ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದವನು ಎರಡು ತಿಂಗಳು ಮಾಡಲಿಲ್ಲ. “ಮಗ ಕೈಬಿಟ್ಟ. ಇನ್ನು ನಾನೂ ಮಾತಾಡೋದಿಲ್ಲ” ಎಂದರು.

“ಫೋನ್ ಬರಲಿಲ್ಲ ಅನ್ನೋದು ನೀವು ಕಂಡದ್ದು. ಕೈಬಿಟ್ಟ ಅನ್ನೋದು ನೀವು ಕೊಟ್ಟ ಕಾರಣ. ಅವನಿರುವ ಕಡೆ ಒತ್ತಡ ಎಷ್ಟಿದೆಯೋ, ವಿಚಾರಿಸಿದಿರಾ?” ಎಂದೆ.

“ನಿಮಗೆ ಎಲ್ಲವೂ ಬೇಳೆಯೇ ಸ್ವಾಮಿ” ಎಂದು ಅವರು ಸಿಡುಕಿ ಎದ್ದುಹೋದರು.

ವಾರದ ಮೇಲೆ ತಾವೇ ಫೋನ್ ಮಾಡಿದರಂತೆ. ಮಗನ ಕೆಲಸ ಹೋಗಿತ್ತು. ತಂದೆಗೆ ಹೇಳಲು ನಾಚಿಕೆಪಟ್ಟು ಸುಮ್ಮನಿದ್ದ.

ವಿಚಾರಿಸಿದಾಗಲೆಲ್ಲ ಉತ್ತರ ಹೀಗೆಯೇ ಮನಸ್ಸು ಕರಗಿಸುವಂತಿರುತ್ತದೆಂದು ನಾನು ಹೇಳಲಾರೆ. ಮಗ ನಿಜವಾಗಿಯೇ ಮರೆತಿರಬಹುದಿತ್ತು. ಆಗಲೂ ದುಃಖಕ್ಕೊಂದು ಆಧಾರವಾದರೂ ಇರುತ್ತಿತ್ತು. ಆಧಾರವಿಲ್ಲದ ದುಃಖವನ್ನು ಹೊತ್ತು ತಿರುಗಲು ನಮ್ಮ ವಯಸ್ಸಿನವರಿಗೆ ಬಲವೆಲ್ಲಿದೆ?

ಈಗ ಭಾನುವಾರಗಳಂದು ಮಿತ್ರರು ಉದ್ಯಾನಕ್ಕೆ ತಡವಾಗಿ ಬರುತ್ತಾರೆ. ಕಾರಣವನ್ನು ನಾನು ಕೇಳುವುದಿಲ್ಲ.